ಆಟಗಾರನನ್ನು ಬೆಳೆಸಿದವರು ಯಾರು?

2025ರ ಏಪ್ರಿಲ್ ಮೊದಲ ವಾರದಲ್ಲಿ ನಾನು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿರುವ ಮಗಳ ಮನೆಯಲ್ಲಿದ್ದೆ. ಡ್ಯೂಕ್ ವಿಶ್ವವಿದ್ಯಾಲಯ ಅಲ್ಲಿಂದ ಅರ್ಧ ಗಂಟೆಯ ಹಾದಿ. ಸಾಫ್ಟ್‌ವೇರ್ ಮತ್ತು ಔಷಧ ಸಂಶೋಧನೆಯ ಉದ್ಯೋಗಕ್ಕೆಂದು ಬಂದು ಆ ಭಾಗದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಸಾಕಷ್ಟಿವೆ. ಅವರ ಮಕ್ಕಳಿಗೆ ಕ್ರಿಕೆಟ್‌ಗಿಂತ ಕಾಲೇಜು ಬ್ಯಾಸ್ಕೆಟ್‌ಬಾಲ್ ಹೆಚ್ಚು ಹತ್ತಿರದ್ದು. ಏಪ್ರಿಲ್ 5ರ ರಾತ್ರಿ ಮೂರು ಮನೆಯವರು ಒಂದೇ ಟಿ.ವಿ.ಯ ಮುಂದೆ ಸೇರಿದ್ದರು. ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ ಅಂದು ಡ್ಯೂಕ್ ಮತ್ತು ಹೂಸ್ಟನ್ ತಂಡಗಳು ಎದುರಾಗಿದ್ದವು.

ಎಂಟು ನಿಮಿಷಗಳ ಆಟ ಉಳಿದಿದ್ದಾಗ ಡ್ಯೂಕ್ 14 ಅಂಕಗಳಿಂದ ಮುಂದಿತ್ತು. ಅರ್ಧ ನಿಮಿಷ ಉಳಿದಿದೆ ಎನ್ನುವಾಗಲೂ ಆರು ಅಂಕಗಳ ಮುನ್ನಡೆ ಇತ್ತು. ಆ ಅರ್ಧ ನಿಮಿಷದಲ್ಲಿ ಹೂಸ್ಟನ್ ಒಂಬತ್ತು ಅಂಕ ಗಳಿಸಿತು, ಡ್ಯೂಕ್ ಒಂದನ್ನೂ ಗಳಿಸಲಿಲ್ಲ. ಹೂಸ್ಟನ್ 70–67ರಿಂದ ಗೆದ್ದಿತು. ಮುನ್ನಡೆ ತಂದುಕೊಟ್ಟ ಎರಡು ಫ್ರೀ ಥ್ರೋಗಳನ್ನು ಹಾಕಿದವನು ಜೆ'ವಾನ್ ರಾಬರ್ಟ್ಸ್. ‘ತಾತ, ಅವನಿಗೆ ಕಾಲೇಜಿನಲ್ಲಿ ಇದು ಆರನೇ ವರ್ಷ!’ ಎಂದು ಹದಿಮೂರರ ಮೊಮ್ಮಗ ಸಿಟ್ಟಿನಿಂದ ಹೇಳಿದ. ಫೇಲಾಗಿ ಫೇಲಾಗಿ ಕುಳಿತವನ ಬಗ್ಗೆ ಹೇಳುವ ಧಾಟಿಯಲ್ಲಿ. ಕೋವಿಡ್ ಕಾಲದಲ್ಲಿ ಎಲ್ಲ ಆಟಗಾರರಿಗೂ ಕೊಟ್ಟ ಹೆಚ್ಚುವರಿ ವರ್ಷದ ಫಲ ಅದು ಎಂದು ಅಳಿಯ ವಿವರಿಸಿದ ಮೇಲೆ ನನಗೆ ಅರ್ಥವಾಯಿತು.

ಎರಡೂವರೆ ತಿಂಗಳ ನಂತರ, ಜೂನ್‌ನಲ್ಲಿ, ಎನ್‌ಬಿಎ ಡ್ರಾಫ್ಟ್ ನಡೆಯಿತು. ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಕಲಾಪ ಅದು. ತಂಡಗಳು 30, ಸುತ್ತುಗಳು ಎರಡು; ಹಿಂದಿನ ಋತುವಿನಲ್ಲಿ ಸೋತು ಸುಣ್ಣವಾದ ತಂಡಗಳ ನಡುವೆ ಲಾಟರಿ ಎತ್ತಿ ಮೊದಲ ಸರದಿಗಳನ್ನು ಹಂಚುತ್ತಾರೆ. ಸೋತ ಡ್ಯೂಕ್‌ನ ಐವರು ಆಯ್ಕೆಯಾದರು. ಕೂಪರ್ ಫ್ಲ್ಯಾಗ್ ಮೊದಲನೆಯವನಾಗಿ, ಕಾನ್ ನಿಪ್ಪಲ್ ನಾಲ್ಕನೆಯವನಾಗಿ, ಖಾಮನ್ ಮಲುವಾಚ್ ಹತ್ತನೆಯವನಾಗಿ. ಇನ್ನಿಬ್ಬರು ಎರಡನೇ ಸುತ್ತಿನಲ್ಲಿ. ಗೆದ್ದ ಹೂಸ್ಟನ್‌ನಿಂದ ಆಯ್ಕೆಯಾದವರು ಒಬ್ಬರೂ ಇಲ್ಲ.

ಇದು ನನ್ನನ್ನು ಬಹುಕಾಲ ಕಾಡಿತು. ವೃತ್ತಿಪರ ಆಟಗಾರರನ್ನು ತಯಾರಿಸುವುದರಲ್ಲಿ ನಿಷ್ಣಾತವೆಂದು ಹೆಸರಾದ ಕಾಲೇಜು ಪಂದ್ಯ ಗೆಲ್ಲುವುದರಲ್ಲಿ ಏಕೆ ಅಷ್ಟೇ ನಿಷ್ಣಾತವಲ್ಲ? ಅದಕ್ಕಿಂತ ಮೂಲಭೂತವಾಗಿ, ಅದು ಆಟಗಾರರನ್ನು ತಯಾರಿಸುತ್ತದೆಯೇ, ಅಥವಾ ಬೇರೆಡೆ ತಯಾರಾದವರನ್ನು ಒಂದು ವರ್ಷ ತನ್ನ ಸಮವಸ್ತ್ರದಲ್ಲಿ ನಿಲ್ಲಿಸಿ ಕಳುಹಿಸಿಕೊಡುತ್ತದೆಯೇ?

ಈ ‘ಒಂದು ವರ್ಷ’ ಎಂಬುದಕ್ಕೆ ಒಂದು ಚರಿತ್ರೆಯಿದೆ. ಹಿಂದೆ ಕಾಲೇಜಿನ ನಾಲ್ಕು ವರ್ಷಗಳ ಅವಧಿ ಮುಗಿಯದೆ ಯಾರೂ ಎನ್‌ಬಿಎ ಸೇರುವಂತಿರಲಿಲ್ಲ. ಸ್ಪೆನ್ಸರ್ ಹೇವುಡ್ ಎಂಬ ಆಟಗಾರ ಅದನ್ನು ಪ್ರಶ್ನಿಸಿ 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಗೆದ್ದ. 1995ರಲ್ಲಿ ಕೆವಿನ್ ಗಾರ್ನೆಟ್, ಮರುವರ್ಷ ಕೋಬಿ ಬ್ರ್ಯಾಂಟ್ ಹೈಸ್ಕೂಲಿನಿಂದ ನೇರವಾಗಿ ಲೀಗ್‌ಗೆ ಬಂದರು. 2001ರಲ್ಲಿ ಕ್ವಾಮೆ ಬ್ರೌನ್ ಎಂಬ ಹೈಸ್ಕೂಲು ಹುಡುಗನನ್ನೇ ವಾಷಿಂಗ್ಟನ್ ತಂಡ ಮೊದಲ ಸರದಿಯಲ್ಲಿ ಆರಿಸಿತು. ನಿರೀಕ್ಷೆಯ ಭಾರಕ್ಕೆ ಅವನು ಕುಸಿದ. 2003ರಲ್ಲಿ ಹಾಗೆಯೇ ಬಂದ ಲೆಬ್ರಾನ್ ಜೇಮ್ಸ್ ನಿರೀಕ್ಷೆಯನ್ನೂ ಮೀರಿದ. ಹದಿನೆಂಟರ ಹುಡುಗನ ಮೇಲೆ ಕೋಟಿಗಟ್ಟಲೆ ಡಾಲರ್ ಹೂಡುವ ಮಾಲೀಕರಿಗೆ ಈ ಅನಿಶ್ಚಿತತೆ ಸಹಿಸಲಾಗದ್ದು. 2005ರ ಒಪ್ಪಂದದಲ್ಲಿ ಅವರು ಆಟಗಾರರ ಸಂಘವನ್ನು ಒಪ್ಪಿಸಿ ಹೊಸ ನಿಯಮ ತಂದರು: ಡ್ರಾಫ್ಟ್ ನಡೆಯುವ ವರ್ಷದೊಳಗೆ 19 ತುಂಬಬೇಕು, ಅಮೆರಿಕದ ಹುಡುಗನಾದರೆ ಹೈಸ್ಕೂಲು ಮುಗಿಸಿ ಒಂದು ವರ್ಷವಾದರೂ ಕಳೆದಿರಬೇಕು. ಆ ವರ್ಷವನ್ನು ಕಳೆಯಲು ಸಿಕ್ಕ ಸುಲಭದ ಜಾಗ ಕಾಲೇಜು. ಹೀಗೆ ಎನ್‌ಬಿಎ ತನ್ನ ಪರೀಕ್ಷಾವಧಿಯ ಖರ್ಚನ್ನು ವಿಶ್ವವಿದ್ಯಾಲಯಗಳ ಲೆಕ್ಕಕ್ಕೆ ವರ್ಗಾಯಿಸಿತು ಎನ್ನಬಹುದು.

ಈ ಅವಕಾಶವನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವರು ಕೆಂಟಕಿ ವಿಶ್ವವಿದ್ಯಾಲಯದ ತರಬೇತುದಾರರಾಗಿದ್ದ ಜಾನ್ ಕ್ಯಾಲಿಪರಿ. 2009ರಲ್ಲಿ ಅಲ್ಲಿಗೆ ಬಂದ ಅವರು, ಬೇರೆಯವರು ಮುಜುಗರದಿಂದ ಮಾಡುತ್ತಿದ್ದುದನ್ನು ಬಹಿರಂಗವಾಗಿಯೇ ಮಾಡಿದರು. ಎನ್‌ಬಿಎ ಸೇರಬೇಕೆನ್ನುವವರು ನನ್ನಲ್ಲಿಗೆ ಬನ್ನಿ, ಒಂದೇ ವರ್ಷ ಸಾಕು ಎಂಬುದು ಅವರ ಕರೆಯ ಸಾರ. 2010ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿಯೇ ಕೆಂಟಕಿಯ ಐವರು ಆಯ್ಕೆಯಾದರು. ಒಂದೇ ಕಾಲೇಜಿಗೆ ಅಂಥ ಫಲಿತಾಂಶ ಹಿಂದೆಂದೂ ಬಂದಿರಲಿಲ್ಲ. 2012ರಲ್ಲಿ ಮೊದಲ ಎರಡು ಸ್ಥಾನಗಳು ಅವರ ತಂಡದ್ದೇ: ಆಂಟನಿ ಡೇವಿಸ್, ಮೈಕಲ್ ಕಿಡ್-ಗಿಲ್‌ಕ್ರಿಸ್ಟ್. ಆ ವರ್ಷವೂ 2015ರಲ್ಲೂ ಆರಾರು ಮಂದಿ. ಡ್ರಾಫ್ಟ್ ದಿನದ ಪ್ರಚಾರವನ್ನು ನೋಡಿದರೆ, ಪರೀಕ್ಷಾ ಫಲಿತಾಂಶದ ಮರುದಿನ ನಮ್ಮ ಪತ್ರಿಕೆಗಳಲ್ಲಿ ರ‍್ಯಾಂಕ್ ವಿಜೇತರ ಭಾವಚಿತ್ರಗಳೊಂದಿಗೆ ಬರುವ ಕೋಚಿಂಗ್ ಕೇಂದ್ರಗಳ ಪುಟಗಟ್ಟಲೆ ಜಾಹೀರಾತು ನೆನಪಾಗದಿರದು. ಆ ಚಿತ್ರಗಳನ್ನು ನೋಡಿ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಮಕ್ಕಳು ಒಳಗೆ ಬರುವಾಗ ಹೇಗಿದ್ದರು?

ಕೂಪರ್ ಫ್ಲ್ಯಾಗ್ ಹೇಗಿದ್ದ? ಮೇನ್ ರಾಜ್ಯದ ನ್ಯೂಪೋರ್ಟ್ ಎಂಬ ಪುಟ್ಟ ಊರಿನವನಾದ ಅವನು ಫ್ಲಾರಿಡಾದ ಮಾಂಟ್‌ವರ್ಡ್ ಅಕಾಡೆಮಿ ಎಂಬ ಖಾಸಗಿ ವಸತಿ ಶಾಲೆಗೆ ಹೋದ. ಅವನಿದ್ದ 2023–24ರ ತಂಡ ಆಡಿದ 33 ಪಂದ್ಯಗಳನ್ನೂ ಗೆದ್ದಿತು. ಡ್ಯೂಕ್‌ನ ಪರ ಒಂದು ಪಂದ್ಯವನ್ನೂ ಆಡುವ ಮೊದಲೇ, 2024ರ ಜುಲೈನಲ್ಲಿ, ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೊರಟಿದ್ದ ಅಮೆರಿಕ ತಂಡದ ಅಭ್ಯಾಸಕ್ಕೆ ಎದುರಾಳಿಗಳಾಗಿ ಆರಿಸಿದ ತಂಡದಲ್ಲಿ ಅವನಿದ್ದ. ಆಗ ಅವನಿಗೆ ಹದಿನೇಳು. ಅಂಥವನು ಒಂದು ವರ್ಷದ ನಂತರ ಮೊದಲನೆಯವನಾಗಿ ಆಯ್ಕೆಯಾದರೆ ಅದರ ಶ್ರೇಯಸ್ಸಿನಲ್ಲಿ ಕಾಲೇಜಿನ ಪಾಲೆಷ್ಟು?

ಇದಕ್ಕೆ ಉತ್ತರ ಬೇಕಾದರೆ ದುರ್ಬಲ ತಂಡಗಳತ್ತ ನೋಡಬೇಕು. 2016ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾದ ಬೆನ್ ಸಿಮನ್ಸ್ ಆಡಿದ ಲೂಸಿಯಾನಾದ ತಂಡ ರಾಷ್ಟ್ರೀಯ ಟೂರ್ನಿಗೆ ಅರ್ಹತೆಯನ್ನೇ ಪಡೆದಿರಲಿಲ್ಲ. ಮರುವರ್ಷ ಮೊದಲನೆಯವನಾದ ಮಾರ್ಕೆಲ್ ಫುಲ್ಟ್ಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಗೆದ್ದದ್ದು ಕೇವಲ 9 ಪಂದ್ಯ, ಸೋತದ್ದು 22. 2025ರಲ್ಲಿ ಎರಡನೇ ಮತ್ತು ಐದನೇ ಸ್ಥಾನ ಪಡೆದ ಡಿಲನ್ ಹಾರ್ಪರ್ ಹಾಗೂ ಏಸ್ ಬೇಯ್ಲಿ ಇಬ್ಬರೂ ರಟ್ಗರ್ಸ್ ತಂಡದವರು. ಇಬ್ಬರು ಅಪೂರ್ವ ಪ್ರತಿಭಾವಂತರಿದ್ದೂ ಆ ತಂಡ 15 ಗೆದ್ದು 17 ಸೋತಿತು. ಡ್ರಾಫ್ಟ್‌ನ ಮೊದಲ ನಾಲ್ಕೈದು ಸ್ಥಾನಗಳ ಮಟ್ಟಿಗೆ ಕಾಲೇಜು ಯಾವುದು, ಅದು ಗೆದ್ದಿತೇ ಸೋತಿತೇ ಎಂಬುದು ಹೆಚ್ಚೇನೂ ಲೆಕ್ಕಕ್ಕೆ ಬರುವುದಿಲ್ಲ ಎನ್ನದೆ ವಿಧಿಯಿಲ್ಲ. ಅವರು ಅಷ್ಟು ಹೊತ್ತಿಗೆ ಬೆಳೆದುಬಿಟ್ಟಿರುತ್ತಾರೆ. ಅಷ್ಟೇಕೆ, ಆಂಟನಿ ಡೇವಿಸ್‌ನನ್ನು ಡೇವಿಸ್ ಆಗಿಸಿದ್ದು ಹೈಸ್ಕೂಲಿನಲ್ಲಿರುವಾಗ ಅವನು ಒಂದೇ ಸಮನೆ ಎಂಟು ಅಂಗುಲ ಎತ್ತರ ಬೆಳೆದದ್ದು. ಗಿಡ್ಡನಾಗಿದ್ದಾಗ ಕಲಿತ ಚೆಂಡಿನ ಹಿಡಿತ ಎತ್ತರವಾದ ಮೇಲೂ ಕೈಬಿಡಲಿಲ್ಲ. ಅದಕ್ಕೆ ಯಾವ ತರಬೇತುದಾರನೂ ಬಿಲ್ಲು ಕಳುಹಿಸುವಂತಿಲ್ಲ.

ಹಾಗಾದರೆ ಕಾಲೇಜು ಏನೂ ಮಾಡುವುದಿಲ್ಲವೇ? ಹಾಗೆಂದರೆ ಅನ್ಯಾಯವಾದೀತು. ಹುಡುಗರು ಜೂನ್‌ನಲ್ಲಿಯೇ ಬಂದು ಸೇರುತ್ತಾರೆ. ಬೇಸಿಗೆಯ ತರಗತಿಗಳ ಜೊತೆಗೆ ದೇಹದಾರ್ಢ್ಯದ ತರಬೇತಿ ಆರಂಭವಾಗುತ್ತದೆ. ಹೈಸ್ಕೂಲಿನಲ್ಲಿ ಹುಡುಗರೊಡನೆ ಆಡಿದವನು ಇಪ್ಪತ್ತೆರಡರ ಗಂಡಸರ ಭುಜಕ್ಕೆ ಭುಜ ಕೊಡಬೇಕಾದರೆ ಮೈಯಲ್ಲಿ ಕಸುವು ತುಂಬಬೇಕು. ಏನು ತಿನ್ನಬೇಕು, ಎಷ್ಟು ಮಲಗಬೇಕು ಎಂಬುದಕ್ಕೂ ಲೆಕ್ಕವಿಡುವವರಿರುತ್ತಾರೆ. ಋತುವಿನಲ್ಲಿ ಅಧಿಕೃತ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆಗಳ ಮಿತಿಯಿದೆ. ಅದರಲ್ಲಿ ಚೆಂಡು ಹಿಡಿದು ಓಡುವುದಲ್ಲದೆ, ಹಿಂದಿನ ಪಂದ್ಯದ ಚಿತ್ರಣವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾ, ರಕ್ಷಣೆಯಲ್ಲಿ ಎರಡು ಹೆಜ್ಜೆ ತಡವಾದದ್ದು ಏಕೆ ಎಂದು ಚರ್ಚಿಸುವ ಪಾಠವೂ ಸೇರುತ್ತದೆ. ಹೈಸ್ಕೂಲಿನ ತಾರೆಗೆ ರಕ್ಷಣೆಯನ್ನು ಯಾರೂ ಕಲಿಸಿರುವುದಿಲ್ಲ. ಅವನಿಗೆ ಅದರ ಅಗತ್ಯವೇ ಬಿದ್ದಿರುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಪಾಠಶಾಲೆ ಅಭ್ಯಾಸದ ಅಂಗಳವೇ. ಕೆಂಟಕಿಯಂಥ ಕಡೆ ನಿತ್ಯವೂ ತನ್ನಷ್ಟೇ ಸಮರ್ಥನಾದವನ ವಿರುದ್ಧ ಆಡಬೇಕು. 2014–15ರ ತಂಡದಲ್ಲಿ ಪ್ರತಿಭಾವಂತರು ಎಷ್ಟು ಮಂದಿ ತುಂಬಿದ್ದರೆಂದರೆ, ಕ್ಯಾಲಿಪರಿ ಋತುವಿನ ಆರಂಭದಲ್ಲಿ ಐದೈದು ಮಂದಿಯ ಎರಡು ತುಕಡಿಗಳನ್ನು ಮಾಡಿ ಸರದಿಯಲ್ಲಿ ಆಡಿಸಿದರು. ಅಭ್ಯಾಸವನ್ನು ನೋಡಲು 2014ರ ಅಕ್ಟೋಬರ್‌ನಲ್ಲಿ ಎನ್‌ಬಿಎ ತಂಡಗಳ ಪ್ರತಿನಿಧಿಗಳನ್ನು ಕರೆಸಿ ಪ್ರದರ್ಶನವನ್ನೇ ಏರ್ಪಡಿಸಿದ್ದರು. ಆ ತಂಡ ಸತತ 38 ಪಂದ್ಯ ಗೆದ್ದು ಸೆಮಿಫೈನಲ್‌ನಲ್ಲಿ ವಿಸ್ಕಾನ್ಸಿನ್‌ಗೆ ಸೋತಿತು. ಡೆವಿನ್ ಬುಕರ್ ಎಂಬವನು ಅಲ್ಲಿ ಬದಲಿ ಆಟಗಾರ. ಪಂದ್ಯವೊಂದಕ್ಕೆ ಸರಾಸರಿ ಹತ್ತು ಅಂಕ. 13ನೆಯವನಾಗಿ ಆಯ್ಕೆಯಾದ ಅವನು 2017ರ ಮಾರ್ಚ್‌ನಲ್ಲಿ, ಇಪ್ಪತ್ತನೇ ವಯಸ್ಸಿಗೆ, ಎನ್‌ಬಿಎ ಪಂದ್ಯವೊಂದರಲ್ಲಿ 70 ಅಂಕ ಗಳಿಸಿದ. ಅದೇ ಕಾಲೇಜಿನಲ್ಲಿ ಆರಂಭದಲ್ಲಿ ಬದಲಿಯಾಗಿದ್ದ ಶೈ ಗಿಲ್‌ಜಸ್-ಅಲೆಕ್ಸಾಂಡರ್ 2018ರಲ್ಲಿ 11ನೆಯವನಾಗಿ ಹೋಗಿ 2025ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಎನಿಸಿದ. ಅಂದರೆ ಈ ಕಾಲೇಜುಗಳ ನಿಜವಾದ ಕೊಡುಗೆ ಕಾಣುವುದು ಮೊದಲ ಸ್ಥಾನಗಳಲ್ಲಿ ಅಲ್ಲ, ಹತ್ತರಿಂದ ಮುಂದಿನ ಸ್ಥಾನಗಳಲ್ಲಿ. ತನಗೆ ಚೆಂಡು ಸಿಗದಿದ್ದಾಗಲೂ ತಂಡಕ್ಕೆ ಉಪಯೋಗವಾಗುವುದು ಹೇಗೆಂದು ಅಲ್ಲಿ ಕಲಿಯಬೇಕಾಗುತ್ತದೆ. 2012ರ ಫೈನಲ್‌ನಲ್ಲಿ ಡೇವಿಸ್ ಗುರಿಯಿಟ್ಟ ಹತ್ತರಲ್ಲಿ ಒಂದನ್ನು ಮಾತ್ರ ಬುಟ್ಟಿಗೆ ಹಾಕಿ, 16 ರೀಬೌಂಡ್ ಹಿಡಿದು, ಆರು ಹೊಡೆತಗಳನ್ನು ತಡೆದು, ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದ.

ಆದರೆ ಹದಿನೈದು ವರ್ಷಗಳಲ್ಲಿ ಕ್ಯಾಲಿಪರಿ ಕೆಂಟಕಿಗೆ ತಂದದ್ದು ಆ ಒಂದೇ ರಾಷ್ಟ್ರೀಯ ಪ್ರಶಸ್ತಿ. 2024ರಲ್ಲಿ ಓಕ್‌ಲ್ಯಾಂಡ್ ಎಂಬ ಅಷ್ಟೇನೂ ಹೆಸರಿಲ್ಲದ ತಂಡಕ್ಕೆ ಮೊದಲ ಸುತ್ತಿನಲ್ಲೇ ಸೋತಾಗ, ಆ ವರ್ಷ ಡ್ರಾಫ್ಟ್‌ನಲ್ಲಿ ಮೂರನೇ ಮತ್ತು ಎಂಟನೇ ಸ್ಥಾನ ಪಡೆಯಲಿದ್ದ ಇಬ್ಬರು ಅವರ ತಂಡದಲ್ಲಿದ್ದರು. ಹದಿನೆಂಟರ ಐವರು ಪ್ರತಿಭಾವಂತರಿಗಿಂತ ಮೂರು ವರ್ಷ ಜೊತೆಗೆ ಆಡಿದ ಇಪ್ಪತ್ತೆರಡರ ಐವರು ಸಾಮಾನ್ಯರು ಒಂದು ರಾತ್ರಿಯ ಮಟ್ಟಿಗೆ ಮೇಲುಗೈ ಸಾಧಿಸಬಲ್ಲರು.

ಹಾಗೆ ಮೂರು ನಾಲ್ಕು ವರ್ಷ ಉಳಿದವರ ಕಥೆಯಲ್ಲಿಯೇ ‘ಬೆಳೆಸುವುದು’ ಎಂಬ ಮಾತಿಗೆ ಪೂರ್ಣ ಅರ್ಥವಿದೆ. ಟೊರಾಂಟೊದ ಝ್ಯಾಕ್ ಈಡಿ ಬೇಸ್‌ಬಾಲ್, ಐಸ್ ಹಾಕಿ ಆಡಿಕೊಂಡಿದ್ದು ತಡವಾಗಿ ಬ್ಯಾಸ್ಕೆಟ್‌ಬಾಲ್‌ಗೆ ಬಂದವನು. ಎತ್ತರ ಏಳು ಅಡಿ ನಾಲ್ಕು ಅಂಗುಲ. ಹೈಸ್ಕೂಲು ಆಟಗಾರರ ಶ್ರೇಯಾಂಕದಲ್ಲಿ ಅವನ ಹೆಸರು ನಾನೂರರ ಆಚೆ. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯ ಅವನನ್ನು ಸೇರಿಸಿಕೊಂಡಿತು. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 8.7 ಅಂಕ, ಎರಡನೇ ವರ್ಷ 14.4, ಮೂರನೇ ವರ್ಷ 22.3, ನಾಲ್ಕನೇ ವರ್ಷ 25.2. ಕೊನೆಯ ಎರಡೂ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ, 2024ರಲ್ಲಿ ತಂಡ ಫೈನಲ್‌ಗೆ, ಡ್ರಾಫ್ಟ್‌ನಲ್ಲಿ 9ನೇ ಸ್ಥಾನ. ನಾನೂರರಿಂದ ಒಂಬತ್ತಕ್ಕೆ! ಇಷ್ಟು ದೂರ ಕೈಹಿಡಿದು ನಡೆಸಿದ ಕಾಲೇಜಿಗೆ ಡ್ರಾಫ್ಟ್ ದಿನದ ಲೆಕ್ಕದಲ್ಲಿ ಸಿಗುವುದು ‘ಒಬ್ಬ’ ಎಂಬ ಅಂಕಿ ಮಾತ್ರ. ಸಿದ್ಧವಾಗಿ ಬಂದು ಎಂಟು ತಿಂಗಳಲ್ಲಿ ಹೋದವನದೂ ‘ಒಬ್ಬ’ ಎಂಬ ಅಂಕಿಯೇ.

ಜಾ ಮೊರಾಂಟ್‌ನ ಪ್ರಸಂಗ ಇನ್ನೂ ವಿಚಿತ್ರ. 2016ರ ಬೇಸಿಗೆಯಲ್ಲಿ ಮರ್ರೆ ಸ್ಟೇಟ್ ಎಂಬ ಸಣ್ಣ ವಿಶ್ವವಿದ್ಯಾಲಯದ ಸಹಾಯಕ ತರಬೇತುದಾರರೊಬ್ಬರು ಬೇರೊಬ್ಬ ಹುಡುಗನನ್ನು ನೋಡಲು ಶಿಬಿರವೊಂದಕ್ಕೆ ಹೋಗಿದ್ದರು. ತಿಂಡಿ ಕೊಳ್ಳಲು ಎದ್ದು ಹೋದಾಗ ಪಕ್ಕದ ಅಂಗಳದಲ್ಲಿ ಆಡುತ್ತಿದ್ದ ಮೊರಾಂಟ್ ಕಣ್ಣಿಗೆ ಬಿದ್ದ. ಆ ಕಾಲೇಜಿನಲ್ಲಿ ಎರಡು ವರ್ಷ ಆಡಿ 2019ರಲ್ಲಿ ಅವನು ಎರಡನೆಯವನಾಗಿ ಆಯ್ಕೆಯಾದ.

ಎಂ.ಎ. ತರಗತಿಯಲ್ಲಿ ನಾವು ಗ್ಯಾರಿ ಬೆಕರ್ ಅವರ ಮಾನವ ಬಂಡವಾಳದ ಸಿದ್ಧಾಂತವನ್ನು ಓದಿದ್ದೆವು. 1964ರಲ್ಲಿ ಪ್ರಕಟವಾದ ಅವರ ಗ್ರಂಥದ ಒಂದು ಸರಳ ತರ್ಕ ಇಲ್ಲಿಗೆ ಹೇಳಿಸಿದಂತಿದೆ. ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುವ ಕೌಶಲವನ್ನು ಕಲಿಸುವ ಖರ್ಚನ್ನು ಯಾವ ಸಂಸ್ಥೆಯೂ ತಾನೇ ಹೊರುವುದಿಲ್ಲ. ಕಲಿತವನು ಮರುದಿನ ಬೇರೆಡೆಗೆ ಹೋಗಿಬಿಡುತ್ತಾನೆ. ಆದ್ದರಿಂದ ಕಡಿಮೆ ಸಂಬಳದ ರೂಪದಲ್ಲಿ ಕಲಿಯುವವನೇ ಅದನ್ನು ತೆರಬೇಕಾಗುತ್ತದೆ. ಸರ್ಕಾರಿ ಸೇವೆಯಲ್ಲಿದ್ದವರಿಗೆ ಇದರ ಇನ್ನೊಂದು ಪರಿಹಾರ ಗೊತ್ತು: ಉನ್ನತ ವ್ಯಾಸಂಗಕ್ಕೆ ನಿಯೋಜಿಸುವ ಮೊದಲು, ಮರಳಿ ಇಂತಿಷ್ಟು ವರ್ಷ ಸೇವೆ ಸಲ್ಲಿಸುವುದಾಗಿ ನೌಕರನಿಂದ ಬಾಂಡ್ ಬರೆಸಿಕೊಳ್ಳುವುದು. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಎರಡೂ ಇದ್ದವು. ಆಟಗಾರನಿಗೆ ಶುಲ್ಕ, ಊಟ, ವಸತಿ ಬಿಟ್ಟರೆ ಸಂಬಳವಿರಲಿಲ್ಲ. ಬೇರೆ ಕಾಲೇಜಿಗೆ ಹೋದರೆ ಒಂದು ವರ್ಷ ಆಡದೆ ಕೂರಬೇಕಿತ್ತು, ಅದೇ ಬಾಂಡ್. ಅವನ ಆಟದಿಂದ ಬರುವ ಹಣಕ್ಕೆ ಮಾತ್ರ ಮಿತಿಯಿರಲಿಲ್ಲ. ರಾಷ್ಟ್ರೀಯ ಟೂರ್ನಿಯ ಪ್ರಸಾರ ಹಕ್ಕಿಗೆ 2010ರಲ್ಲಿ ಆದ ಒಪ್ಪಂದ 14 ವರ್ಷಗಳಿಗೆ 1,080 ಕೋಟಿ ಡಾಲರ್. 2016ರಲ್ಲಿ ಅದನ್ನು ಇನ್ನೂ ಎಂಟು ವರ್ಷಗಳಿಗೆ, 2032ರವರೆಗೆ, 880 ಕೋಟಿ ಡಾಲರ್‌ಗೆ ವಿಸ್ತರಿಸಿದರು. ಹುಡುಗರಿಗೆ ಹಣ ಹೋಗುತ್ತಲೇ ಇರಲಿಲ್ಲ ಎಂದೇನಲ್ಲ, ಮೇಜಿನ ಕೆಳಗಿನಿಂದ ಹೋಗುತ್ತಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಸಹಾಯಕ ತರಬೇತುದಾರರೂ ಸೇರಿದಂತೆ ಹತ್ತು ಮಂದಿಯ ಮೇಲೆ ಆರೋಪ ಹೊರಿಸಿದಾಗ ಅದು ಬಯಲಾಯಿತು.

ಈ ವ್ಯವಸ್ಥೆ 2021ರಿಂದೀಚೆಗೆ ಕುಸಿದಿದೆ. ಆ ವರ್ಷದ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಭಾವಚಿತ್ರಗಳ ಬಳಕೆಗೆ ಹಣ ಪಡೆಯಬಹುದಾಯಿತು. ವರ್ಗಾವಣೆಯ ನಿರ್ಬಂಧವೂ ಅದೇ ವರ್ಷ ಸಡಿಲಗೊಂಡು 2024ರಲ್ಲಿ ಪೂರ್ತಿ ಹೋಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 2025–26ಕ್ಕೆ ಒಂದು ಕಾಲೇಜಿನ ಎಲ್ಲ ಕ್ರೀಡೆಗಳಿಗೂ ಸೇರಿ ಮಿತಿ ಸುಮಾರು 2.05 ಕೋಟಿ ಡಾಲರ್. ಪರಿಣಾಮ ಡ್ರಾಫ್ಟ್‌ನಲ್ಲೇ ಕಾಣುತ್ತದೆ. ಅವಧಿಗೆ ಮೊದಲೇ ಹೆಸರು ಕೊಟ್ಟವರು 2021ರಲ್ಲಿ 350ಕ್ಕೂ ಹೆಚ್ಚು. 2025ರಲ್ಲಿ ನೂರು ಚಿಲ್ಲರೆ. ಎರಡನೇ ಸುತ್ತಿನಲ್ಲಿ ಆಯ್ಕೆಯಾದೇನೋ ಇಲ್ಲವೋ ಎಂದು ಅಂಜುವವನಿಗೆ ಕಾಲೇಜಿನಲ್ಲೇ ಉಳಿಯುವುದು ಲಾಭಕರವಾಗಿದೆ. ಹೈಸ್ಕೂಲು ಹುಡುಗರಿಗೆ ಸಂಬಳ ಕೊಟ್ಟು ತರಬೇತಿ ನೀಡಲು ಎನ್‌ಬಿಎ 2020ರಲ್ಲಿ ಕಟ್ಟಿದ್ದ ‘ಇಗ್ನೈಟ್’ ತಂಡವನ್ನು 2024ರಲ್ಲಿ ಮುಚ್ಚಿದ್ದೂ ಇದೇ ಕಾರಣಕ್ಕೆ. ಪಂಜಾಬಿನ ಪ್ರಿನ್ಸ್‌ಪಾಲ್ ಸಿಂಗ್ ಆಡಿದ್ದು ಆ ತಂಡದಲ್ಲಿ. ಅವನಿಗಿಂತ ಮೊದಲು, 2015ರಲ್ಲಿ, ಡ್ರಾಫ್ಟ್‌ನಲ್ಲಿ 52ನೆಯವನಾಗಿ ಆಯ್ಕೆಯಾದ ಪ್ರಥಮ ಭಾರತೀಯ ಸತ್ನಾಮ್ ಸಿಂಗ್ ಫ್ಲಾರಿಡಾದ ಅಕಾಡೆಮಿಯಲ್ಲಿ ಕಲಿತವನೇ ಹೊರತು ಕಾಲೇಜಿನ ಪರ ಆಡಿದವನಲ್ಲ. ಎನ್‌ಬಿಎ ಲೀಗ್ ಪಂದ್ಯವೊಂದರಲ್ಲೂ ಆಡುವ ಅವಕಾಶ ಅವನಿಗೆ ಸಿಗಲಿಲ್ಲ. ಎತ್ತರ ಏಳು ಅಡಿ ಎರಡು ಅಂಗುಲವಿದ್ದರೂ, ಕಾಲೇಜಿನ ಎರಡು ಮೂರು ಋತುಗಳು ಕೊಡುವ ಪಂದ್ಯಗಳ ಅನುಭವ ಅವನ ಪಾಲಿಗೆ ಇರಲಿಲ್ಲ ಎಂದು ನನಗನ್ನಿಸುತ್ತದೆ.

ಹುಡುಗರು ತಮ್ಮ ದುಡಿಮೆಯ ಫಲ ಪಡೆಯುತ್ತಿದ್ದಾರೆ ಎಂಬುದಕ್ಕೆ ನನ್ನ ಆಕ್ಷೇಪವಿಲ್ಲ. ಬಹಳ ತಡವಾಗಿ ಬಂದ ನ್ಯಾಯ ಅದು. ನನ್ನ ಆತಂಕ ಮರ್ರೆ ಸ್ಟೇಟ್‌ನಂಥ ಕಾಲೇಜುಗಳದ್ದು. ಇಂದು ಮೊರಾಂಟ್‌ನಂಥ ಒಬ್ಬ ಹುಡುಗ ಮೊದಲ ವರ್ಷದ ಕೊನೆಗೆ ಮಿಂಚಿದರೆ, ದೊಡ್ಡ ಕಾಲೇಜೊಂದು ಹತ್ತು ಪಟ್ಟು ಹಣ ತೋರಿಸಿ ಕರೆದೊಯ್ಯುತ್ತದೆ. ಗುರುತಿಸಿದವರಿಗೆ, ಕಲಿಸಿದವರಿಗೆ ಏನೂ ದಕ್ಕುವುದಿಲ್ಲ. ದೊಡ್ಡ ಕಾಲೇಜಿಗಾದರೋ, ಹದಿನೆಂಟರವನನ್ನು ನಾಲ್ಕು ವರ್ಷ ತಿದ್ದುವುದಕ್ಕಿಂತ ಬೇರೆಯವರು ತಿದ್ದಿದ ಇಪ್ಪತ್ತೆರಡರವನನ್ನು ಕೊಳ್ಳುವುದು ಅಗ್ಗ. ಎಲ್ಲರೂ ಕೊಳ್ಳುವವರೇ ಆದರೆ ನಾನೂರನೆಯ ಶ್ರೇಯಾಂಕದ ಏಳಡಿ ಹುಡುಗನಿಗೆ ಮೊದಲ ಎರಡು ವರ್ಷ ತಾಳ್ಮೆಯಿಂದ ಕಲಿಸುವವರು ಯಾರು? ಬೆಕರ್ ಅವರ ತರ್ಕದಂತೆ, ಯಾರೂ ಇಲ್ಲ.

ಇದಕ್ಕೆ ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಫುಟ್‌ಬಾಲ್‌ನಲ್ಲಿ ಆಟಗಾರನೊಬ್ಬ ಹಣಕ್ಕೆ ಕ್ಲಬ್ ಬದಲಿಸಿದಾಗ, ಆ ಮೊತ್ತದ ಶೇ 5ರಷ್ಟನ್ನು ಅವನ 12ರಿಂದ 23ರ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚುವ ನಿಯಮವನ್ನು ಫಿಫಾ 2001ರಲ್ಲಿಯೇ ತಂದಿದೆ. ಯುರೋಪಿನ ಕ್ಲಬ್‌ನಿಂದ ಆಟಗಾರ ಒಪ್ಪಂದ ಬಿಡಿಸಿಕೊಂಡು ಬರುವಾಗ ಆ ಕ್ಲಬ್‌ಗೆ ಸಲ್ಲುವ ಪರಿಹಾರದಲ್ಲಿ ಒಂದು ಮಿತಿಯವರೆಗೆ ಎನ್‌ಬಿಎ ತಂಡವೇ ಕೊಡುವ ಪದ್ಧತಿಯೂ ಇದೆ. ವಿದೇಶಿ ಕ್ಲಬ್‌ಗೆ ಸಲ್ಲುವುದು ಸ್ವದೇಶದ ಕಾಲೇಜಿಗೆ ಏಕೆ ಸಲ್ಲಬಾರದು? 2025ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಆಟಗಾರನ ಮೊದಲ ವರ್ಷದ ವೇತನವೇ ಸುಮಾರು 1.38 ಕೋಟಿ ಡಾಲರ್. ಹುಡುಗನ ಸಂಬಳವನ್ನು ಮುಟ್ಟದೆ, ಅದರ ನೂರಕ್ಕೆ ಎರಡು ಪಾಲಿನಷ್ಟನ್ನು ತಂಡದ ಬೊಕ್ಕಸದಿಂದ ತೆಗೆದು, ಆಟಗಾರ ಎಲ್ಲೆಲ್ಲಿ ಎಷ್ಟೆಷ್ಟು ವರ್ಷ ಕಲಿತನೋ ಆ ಲೆಕ್ಕದಲ್ಲಿ ಕಾಲೇಜುಗಳಿಗೆ ಹಂಚಬಹುದು. ಕಾಲೇಜಿನಿಂದ ಕಾಲೇಜಿಗೆ ಹೋಗುವಾಗಲೂ ಇದೇ ಸೂತ್ರ ಅನ್ವಯಿಸಬಹುದು. 2025–26ರಿಂದ 11 ವರ್ಷಗಳ ಪ್ರಸಾರ ಹಕ್ಕನ್ನು ಸುಮಾರು 7,600 ಕೋಟಿ ಡಾಲರ್‌ಗೆ ಮಾರಿರುವ ಲೀಗ್‌ಗೆ ಇದು ಭಾರವಾಗುವ ಮೊತ್ತವಲ್ಲ. ಆದರೆ ಇಪ್ಪತ್ತು ವರ್ಷಗಳಿಂದ ಪುಕ್ಕಟೆಯಾಗಿ ಸಿಗುತ್ತಿರುವ ತರಬೇತಿಗೆ ಮಾಲೀಕರು ತಾವಾಗಿಯೇ ಬೆಲೆ ಕಟ್ಟಲು ಮುಂದೆ ಬಂದಾರೆಂದು ನನಗೆ ತೋರುವುದಿಲ್ಲ. ಮುಂದಿನ ಒಪ್ಪಂದದ ಮಾತುಕತೆಗೆ ಮೊದಲು ಕಾಲೇಜುಗಳೇ ಒಟ್ಟಾಗಿ ಕೇಳಬೇಕು.